ದುಗ್ಗಣ್ಣ ಮಾಡಿದ ತೂಕದ ಡಬ್ಬಗಳು

ಮಕ್ಕಳೇ, ಮತ್ತಿ ಮರಗಳ ಕಾಡೊಂದರ ಅಂಚಿನಲ್ಲಿ ಒಂದು ಕೆರೆ ಇತ್ತು. ಕೆರೆಯ ಏರಿಯ ಮೇಲೆ ಕೋತಿ ಲಿಂಗ, ಏರಿಯ ಆಚೆ ಬಿದಿರಿನ ಮೆಳೆಯಲ್ಲಿ ಕರಡಿ ದುಗ್ಗಣ್ಣ, ನೀರಿನಲ್ಲಿ ಆಮೆ ಸಾಕವ್ವ ಮತ್ತು ಲೆಕ್ಕವಿಲ್ಲದಷ್ಟು ಕಪ್ಪೆಗಳು ವಾಸವಾಗಿದ್ದರು.

ಪ್ರತಿ ಮಳೆಗಾಲಕ್ಕೆ ಮೊದಲು ಏರಿಗೆ ಮಣ್ಣು ಹಾಕಬೇಕಿತ್ತು. ಹೋದ ವರ್ಷದವರೆಗೆ ಆ ಮಣ್ಣು ಎಳೆಯುತ್ತಿದ್ದವನು ಕೋಣ ಮಾರಜ್ಜ. ಅವನು ತೀರಿಕೊಂಡ. ಅವನ ನೊಗ ಮರಕ್ಕೆ ಒರಗಿಸಿದ್ದಲ್ಲೇ ಇತ್ತು. ಅದನ್ನು ಎತ್ತಿಡಲು ಯಾರಿಗೂ ಮನಸ್ಸು ಬಂದಿರಲಿಲ್ಲ.

ಈ ವರ್ಷ ಎಲ್ಲರೂ ಸೇರಿ ಒಂದು ಹಳೆಯ ಟ್ರ್ಯಾಕ್ಟರ್ ತಂದರು. ಅದರಲ್ಲೊಂದು ತೊಂದರೆ ಇತ್ತು. ಟ್ರೈಲರಿಗೆ ಮಣ್ಣು ತುಂಬಿ ಏರಿ ಹತ್ತಿಸಿದರೆ, ಹಿಂದಿನ ಭಾರಕ್ಕೆ ಮುಂದಿನ ಗಾಲಿಗಳು ನೆಲ ಬಿಡುತ್ತಿದ್ದವು. ನೆಲ ಬಿಟ್ಟ ಗಾಲಿ ಹೇಳಿದ ಕಡೆ ಹೋಗುವುದಿಲ್ಲ. ಅದಕ್ಕಾಗಿ ಟ್ರ್ಯಾಕ್ಟರಿನ ಮೂತಿಗೆ ತೂಕ ಕಟ್ಟಬೇಕು.

"ತೂಕ ನಾನು ಮಾಡುತ್ತೇನೆ" ಎಂದ ದುಗ್ಗಣ್ಣ. "ಹಳೆ ಎಣ್ಣೆ ಡಬ್ಬ ತಗೊಳ್ಳೋದು. ಕಲ್ಲು, ಮರಳು, ಸಿಮೆಂಟು ಕಲಸಿ ತುಂಬೋದು. ಹಸಿ ಇರುವಾಗಲೇ ಮೇಲೊಂದು ಕಬ್ಬಿಣದ ಕೊಂಡಿ ಚುಚ್ಚೋದು. ಒಣಗಿದ ಮೇಲೆ ನೇತುಹಾಕೋದು. ಏನು ಮಹಾ!"

ಸಾಕವ್ವ ನೀರಿನಿಂದ ಕತ್ತು ಎತ್ತಿದಳು. "ಜೋಪಾನ, ದುಗ್ಗಣ್ಣ. ಏರಿಯ ಆಚೆ, ಕೆಳಗಿನ ಮರಳಿನಲ್ಲಿ ನನ್ನ ಮೊಟ್ಟೆಗಳಿವೆ. ಮೊದಲ ಮಳೆಗೆ ಏರಿ ಒಡೆದರೆ ಎಲ್ಲ ಕೊಚ್ಚಿಕೊಂಡು ಹೋಗುತ್ತವೆ."

"ಬೇರೆ ಕಡೆ ಇಡಬಹುದಲ್ಲ?"

"ಹೂತಿಟ್ಟ ಮೊಟ್ಟೆಯನ್ನು ಈಗ ಹೊರಳಿಸಿದರೆ ಒಳಗಿನ ಮರಿ ಉಳಿಯುವುದಿಲ್ಲ."

"ಚಿಂತೆ ಬಿಡು. ನಾನಿದ್ದೇನಲ್ಲ!"

ದುಗ್ಗಣ್ಣ ಹಳ್ಳಕ್ಕೆ ಹೋಗಿ ಒಂದು ಕಲ್ಲು ಎತ್ತಿದ. ಸೊಂಟ ಹಿಡಿಯಿತು. ಕಲ್ಲನ್ನು ಅಲ್ಲೇ ಇಟ್ಟು ಯೋಚಿಸಿದ. 'ಇಷ್ಟು ಭಾರದ್ದನ್ನು ತುಂಬಿದರೆ ಆಮೇಲೆ ಎತ್ತಿ ಕಟ್ಟುವವರು ಯಾರು? ನಾನೇ ತಾನೆ? ಹಗುರವಾದ ತೂಕ ಮಾಡಿದರೆ ಆಯಿತು!'

ಡಬ್ಬಗಳ ಒಳಗೆ ಭತ್ತದ ಹೊಟ್ಟು ಒತ್ತಿ ತುಂಬಿದ. ಬಾಯಿಗೆ ಮಾತ್ರ ತೆಳ್ಳಗೆ ಸಿಮೆಂಟು ಬಳಿದು ಕೊಂಡಿ ಚುಚ್ಚಿದ. ಕೆಂಪು ಬಣ್ಣ ಹೊಡೆದ. ಪ್ರತಿಯೊಂದರ ಮೇಲೂ ಬಿಳಿ ಬಣ್ಣದಲ್ಲಿ 'ಐವತ್ತು ಕಿಲೋ' ಎಂದು ದುಂಡಗೆ ಬರೆದ. ಡಬ್ಬಗಳು ನೋಡಲು ಬಹಳ ಚೆನ್ನಾಗಿದ್ದವು.

ಲಿಂಗ ಬಂದು ಒಂದು ಡಬ್ಬವನ್ನು ಬಾಲದಲ್ಲಿ ಎತ್ತಿದ. "ದುಗ್ಗಣ್ಣ, ಐವತ್ತು ಕಿಲೋ ನನ್ನ ಬಾಲಕ್ಕೆ ಬಂತಲ್ಲ!"

"ನನ್ನ ಪಕ್ಕದಲ್ಲಿ ಇದ್ದೂ ಇದ್ದೂ ನಿನಗೂ ಬಲ ಬಂದಿದೆ ಕಣೋ."

"ಒಳಗೆ ಏನೋ ಸರಸರ ಅನ್ನುತ್ತಿದೆ."

"ಸಿಮೆಂಟು ಒಣಗುವ ಸದ್ದು. ನಿನಗೆ ತಿಳಿಯೋದಿಲ್ಲ, ಸುಮ್ಮನಿರು."

ಅಷ್ಟರಲ್ಲಿ ಪಡುವಣದಲ್ಲಿ ಮೋಡ ಕಪ್ಪಾಯಿತು. ಎಲ್ಲರೂ ಅವಸರದಿಂದ ಟ್ರೈಲರಿಗೆ ಮಣ್ಣು ತುಂಬಿದರು. ಡಬ್ಬಗಳನ್ನು ಮೂತಿಗೆ ತೂಗುಹಾಕಿ ದುಗ್ಗಣ್ಣ ಗತ್ತಿನಿಂದ ಟ್ರ್ಯಾಕ್ಟರ್ ಹತ್ತಿದ.

ಏರಿಯ ಅರ್ಧಕ್ಕೆ ಬರುವಷ್ಟರಲ್ಲಿ ಮುಂದಿನ ಗಾಲಿಗಳು ಮೇಲೆದ್ದವು. ಕೆಂಪು ಡಬ್ಬಗಳು ಹಬ್ಬದ ಬುಟ್ಟಿಗಳಂತೆ ಗಾಳಿಯಲ್ಲಿ ತೂಗಾಡಿದವು.

"ಅಯ್ಯೋ, ದಾರಿ ಎಲ್ಲಿ ಹೋಯಿತು? ನನಗೆ ಬರೀ ಆಕಾಶ ಕಾಣುತ್ತಿದೆ!"

"ಕ್ಲಚ್ ಒತ್ತು, ದುಗ್ಗಣ್ಣ, ಕ್ಲಚ್ಚು!" ಎಂದು ಲಿಂಗ ಅರಚಿದ.

ದುಗ್ಗಣ್ಣ ಕ್ಲಚ್ ಒತ್ತಿದ. ಗಾಲಿಗಳು ಧಡ್ ಎಂದು ನೆಲಕ್ಕೆ ಬಿದ್ದವು. ಟ್ರ್ಯಾಕ್ಟರ್ ಹಿಮ್ಮುಖವಾಗಿ ಜಾರಿ, ಏರಿಯ ಬುಡಕ್ಕೆ ಬಂದು ನಿಂತಿತು. ಡಬ್ಬವೊಂದು ಕಳಚಿ ಬಿದ್ದು ಒಡೆಯಿತು. ಹೊಟ್ಟು ಗಾಳಿಗೆ ಹಾರಿ ದುಗ್ಗಣ್ಣನ ಮೂಗಿನ ಮೇಲೆಲ್ಲ ಕೂತಿತು.

ಗುಡುಗು ಕೇಳಿಸಿತು. ಸಾಕವ್ವ ನಿಧಾನವಾಗಿ ನಡೆದು ಬಂದು ಹೊಟ್ಟನ್ನು ನೋಡಿದಳು. ಮರಳಿನ ಕಡೆ ನೋಡಿದಳು. ಕೊನೆಗೆ ದುಗ್ಗಣ್ಣನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ದುಗ್ಗಣ್ಣ, ನೀನು ಎಷ್ಟು ತೂಕ ಇರಬಹುದು?"

"ಯಾಕೆ, ಸಾಕವ್ವ?"

ಯಾಕೆಂದು ಲಿಂಗನಿಗೆ ಆಗಲೇ ಹೊಳೆದಿತ್ತು. ಹಗ್ಗ ತಂದ. ಕಪ್ಪೆಗಳು ಹಗ್ಗದ ತುದಿ ಹಿಡಿದು ಸುತ್ತು ಹಾಕಿದವು. ದುಗ್ಗಣ್ಣ ಬೇಡ ಎನ್ನಲಿಲ್ಲ; ಬೇಡ ಎನ್ನುವ ಮುಖ ಅವನಿಗೆ ಉಳಿದಿರಲಿಲ್ಲ. ಅವನನ್ನು ಟ್ರ್ಯಾಕ್ಟರಿನ ಮೂತಿಗೆ ಬಿಗಿದು, ಲಿಂಗ ಸ್ಟೀರಿಂಗ್ ಹಿಡಿದ. ಈ ಸಲ ಮುಂದಿನ ಗಾಲಿಗಳು ನೆಲವನ್ನು ಕಚ್ಚಿ ಹಿಡಿದವು.

"ನಿಧಾನ ಕಣೋ! ಕೆಸರು ಬಾಯಿಗೆ ಬರುತ್ತಿದೆ!"

"ತೂಕ ಮಾತಾಡಬಾರದು, ದುಗ್ಗಣ್ಣ."

ಒಂದಾದ ಮೇಲೊಂದು ಟ್ರೈಲರ್ ಮಣ್ಣು ಏರಿಗೆ ಬಿತ್ತು. ಕಪ್ಪೆಗಳು ಅದನ್ನು ಕುಣಿದು ಕುಣಿದು ತುಳಿದವು. ಕೊನೆಯ ಮಣ್ಣು ಬೀಳುವುದಕ್ಕೂ ಮಳೆ ಸುರಿಯುವುದಕ್ಕೂ ಸರಿಹೋಯಿತು. ಎಲ್ಲರೂ ಓಡಿ ಮರದಡಿ ಸೇರಿದರು. ಕೆರೆಯ ನೀರು ಏರುತ್ತ ಬಂತು, ಹೊಸ ಮಣ್ಣನ್ನು ಮುಟ್ಟಿತು, ಅಲ್ಲೇ ನಿಂತಿತು.

ಅವಸರದಲ್ಲಿ ದುಗ್ಗಣ್ಣನನ್ನು ಬಿಚ್ಚುವುದು ಎಲ್ಲರಿಗೂ ಮರೆತುಹೋಗಿತ್ತು. ಮಳೆಯಲ್ಲೇ ನಡೆದು ಅವನ ಹತ್ತಿರ ಬಂದವಳು ಸಾಕವ್ವ ಒಬ್ಬಳೇ. ಗಂಟನ್ನು ಬಾಯಲ್ಲಿ ಕಚ್ಚಿ ಕಡಿಯತೊಡಗಿದಳು.

"ಸಾಕವ್ವ, ಮೊಟ್ಟೆಗಳು?" ದುಗ್ಗಣ್ಣ ಮೆಲ್ಲಗೆ ಕೇಳಿದ.

"ಇದ್ದಲ್ಲೇ ಇವೆ."

ದುಗ್ಗಣ್ಣ ಉಸಿರು ಬಿಟ್ಟ. ಮಳೆ ಅವನ ಕಿವಿಯೊಳಗೆ ಇಳಿಯಿತು.

"ಹಾಗಾದರೆ... ಸ್ವಲ್ಪ ಬೇಗ ಬಿಚ್ಚುತ್ತೀಯಾ?"

"ನಾನು ಆಮೆ, ದುಗ್ಗಣ್ಣ" ಎಂದು ಸಾಕವ್ವ ಇನ್ನೊಂದು ಎಳೆ ಕಚ್ಚಿದಳು.

ನೀತಿ: ಇನ್ನೊಬ್ಬರು ನಂಬಿ ಒಪ್ಪಿಸಿದ ಕೆಲಸದಲ್ಲಿ ನಾವು ತಪ್ಪಿಸಿಕೊಂಡ ಭಾರವನ್ನು ಕೊನೆಗೆ ನಾವೇ ಹೊರಬೇಕಾಗುತ್ತದೆ.