ತಿಪ್ಪೇಶ ಬ್ಯಾಂಕ್ ದೋಚಿದ್ದು

ಹೂಂಗುಟ್ಟುವವರು ಮುಂದೆ ಬನ್ನಿ, ತೂಕಡಿಸುವವರು ಗೋಡೆಗೆ ಒರಗಿಕೊಳ್ಳಿ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಓಣಿಯಲ್ಲಿ ಒಬ್ಬ ತಾಯಿ ಇದ್ದಳು, ಬೋರಮ್ಮ ಅಂತ. ಅವಳಿಗೆ ಒಬ್ಬನೇ ಮಗ, ತಿಪ್ಪೇಶ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದಕ್ಕಿಂತ ಒಂದು ಕೂದಲೆಳೆ ಹೆಚ್ಚಿಲ್ಲ, ಒಂದು ಕೂದಲೆಳೆ ಕಡಿಮೆಯಿಲ್ಲ.

ಅವನು ಕೆಲಸಕ್ಕಿದ್ದ ಭಟ್ಟಿಯ ಮಾಲೀಕರು ಒಂದು ದಿನ "ಒಲೆ ಆರದಂಗೆ ನೋಡ್ಕೋ" ಎಂದು ಹೇಳಿ ಪೇಟೆಗೆ ಹೋದರು. ಒಲೆಗೆ ಹಾಕುವ ಹೊಟ್ಟು ಮುಗಿಯಿತು. ತಿಪ್ಪೇಶ ಬುಟ್ಟಿ ಹಾಕಿದ, ಮೊರ ಹಾಕಿದ, ಕೊನೆಗೆ ಮಾಲೀಕರು ಕೂರುವ ಸ್ಟೂಲನ್ನೂ ಹಾಕಿದ. ಒಲೆ ಆರಲಿಲ್ಲ, ಕೆಲಸ ಹೋಯಿತು.

"ನಿನ್ನ ಕಟ್ಕೊಂಡು ನಾನೆಲ್ಲಿಗೆ ಹೋಗಿ ಬೀಳ್ಲೋ" ಎಂದು ಬೋರಮ್ಮ ಹಣೆ ಹಣೆ ಚಚ್ಚಿಕೊಂಡಳು. "ನಾನು ಕಣ್ಣು ಮುಚ್ಚಿದ ಮೇಲೆ ನಿನ್ನ ಜೊತೆ ಯಾರಿರ್ತಾರೋ?"

ಆ ಮಾತು ತಿಪ್ಪೇಶನ ಎದೆಯಲ್ಲಿ ಕೂತುಬಿಟ್ಟಿತು. ನಿಜ, ಅವನ ಜೊತೆ ಯಾರೂ ಇರಲಿಲ್ಲ. ಓಣಿಯ ಹುಡುಗರು ಅವನನ್ನು ಕಂಡರೆ ಚೆಂಡು ಎತ್ತಿಕೊಂಡು ಬೇರೆ ಕಡೆ ಹೋಗುತ್ತಿದ್ದರು.

ಅಷ್ಟರಲ್ಲಿ ಸೋದರಮಾವ ತನ್ನ ಸೈಬರ್ ಸೆಂಟರ್ ಮುಚ್ಚಿದ, ಅಲ್ಲಿದ್ದ ಒಂದು ಕಂಪ್ಯೂಟರ್ ಇವರ ಮನೆಗೆ ಬಂತು. ಅದರಲ್ಲೊಂದು ಆಟ. ಮುಖವಾಡ ಹಾಕಿಕೊಂಡು, ಬಂದೂಕು ಹಿಡಿದು, ಜೊತೆಯವರ ಸಂಗಡ ಬ್ಯಾಂಕ್ ದೋಚುವ ಆಟ. ಜೊತೆಯವರು ಅವರವರ ಊರಲ್ಲೇ ಕೂತಿರುತ್ತಾರೆ, ಹೆಡ್‌ಫೋನಿನಲ್ಲಿ ಮಾತಾಡುತ್ತಾರೆ. ಭದ್ರಾವತಿಯ ನಯಾಜ್ ಕ್ಯಾಪ್ಟನ್. ಕಡೂರಿನ ಪಲ್ಲವಿ ಅವನ ಬಲಗೈ. ಇನ್ನೊಬ್ಬರು ಬೇಕಾಗಿತ್ತು, ತಿಪ್ಪೇಶನನ್ನು ಕರೆದರು. ಹುಟ್ಟಿದಾಗಿನಿಂದ ಅವನನ್ನು "ಬಾ" ಎಂದು ಕರೆದವರು ಅವರೇ ಮೊದಲು. ಎಲ್ಲಿ "ಹೋಗು" ಅಂದುಬಿಡುತ್ತಾರೋ ಎಂಬ ಹೆದರಿಕೆಯೂ ಅವತ್ತೇ ಶುರುವಾಯಿತು.

ಮೊದಲನೇ ಆಟ. ನಯಾಜ್ ಹೇಳಿದ, "ತಿಪ್ಪೇಶಣ್ಣ, ನೀನು ಬ್ಯಾಂಕಿನ ಬಾಗಿಲಲ್ಲಿ ನಿಂತ್ಕೋ. ಒಳಗಿರೋರು ಯಾರೂ ಹೊರಗೆ ಹೋಗಬಾರದು."

"ಹೂಂ" ಅಂದ ತಿಪ್ಪೇಶ. ನಿಂತ. ಒಳಗಿದ್ದವರು ಯಾರೂ ಹೊರಗೆ ಹೋಗಲಿಲ್ಲ. ನಯಾಜ್ ಮತ್ತು ಪಲ್ಲವಿ ತಿಜೋರಿ ಒಡೆದು, ಬ್ಯಾಗು ಹೊತ್ತುಕೊಂಡು ಓಡಿ ಬಂದರು. ತಿಪ್ಪೇಶ ಶಟರ್ ಎಳೆದ.

"ತೆಗಿಯೋ, ನಾವು ಕಣೋ!"

"ನೀವೂ ಒಳಗಿರೋರೇ ಅಲ್ವಾ" ಅಂದ ತಿಪ್ಪೇಶ. ಶಟರ್ ಬಿಡಲಿಲ್ಲ. ಪೊಲೀಸರು ಬಂದು ಮೂವರನ್ನೂ ಹಿಡಿದರು.

ನಯಾಜ್ ಬೈದ. "ಅಷ್ಟೂ ಗೊತ್ತಾಗಲ್ವಾ? ಬ್ಯಾಗ್ ಹೊತ್ಕೊಂಡು ಬಂದೋರಿಗೆ ದಾರಿ ಬಿಡಬೇಕು."

"ಹೂಂ, ಬ್ಯಾಗ್ ಹೊತ್ತೋರಿಗೆ ದಾರಿ ಬಿಡಬೇಕು" ಎಂದು ತಿಪ್ಪೇಶ ಬಾಯಿಪಾಠ ಮಾಡಿದ. ಊಟ ಮಾಡುವಾಗಲೂ ಅದನ್ನೇ ಗೊಣಗುತ್ತಿದ್ದ. ಬೋರಮ್ಮನ ಕೈಯಲ್ಲಿದ್ದ ಸೌಟು ನಿಂತಿತು.

"ಯಾವ ಬ್ಯಾಗೋ? ಯಾರೋ ಅವರು?"

"ಬ್ಯಾಂಕ್ ದೋಚೋರಮ್ಮ. ನನ್ನೂ ಸೇರಿಸ್ಕೊಂಡಿದಾರೆ."

"ಅಯ್ಯೋ ಪಾಪಿ."

"ಆಟ ಅಮ್ಮ."

"ಆಟ ಆಡೋನು ಊಟದಲ್ಲೂ ಹಿಂಗೆ ಬಡಬಡಿಸ್ತಾನೇನೋ?"

ಎರಡನೇ ಆಟ ಒಡವೆ ಅಂಗಡಿಯಲ್ಲಿ. ನಯಾಜ್ ಮತ್ತು ಪಲ್ಲವಿ ಒಳಗಿಂದ ಚಿನ್ನದ ಬ್ಯಾಗುಗಳನ್ನು ತಂದು ತಂದು ತಿಪ್ಪೇಶನ ಪಕ್ಕ ಇಟ್ಟರು. ಅಷ್ಟರಲ್ಲಿ ಒಬ್ಬ ಪೊಲೀಸಿನವನು ಹಿಂದಿನಿಂದ ಬಂದು ಒಂದು ಬ್ಯಾಗು ಎತ್ತಿ ಹೆಗಲಿಗೇರಿಸಿದ. ತಿಪ್ಪೇಶ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಇನ್ನೊಬ್ಬ ಬಂದ, ಅವನಿಗೂ ಬಿಟ್ಟ. ಮೂರನೆಯವನಿಗೆ ಬಾಗಿಲನ್ನೂ ಹಿಡಿದುಕೊಂಡ.

"ಚಿನ್ನ ಎಲ್ಲೋ?" ಅಂದಳು ಪಲ್ಲವಿ.

"ಹೋಯ್ತಕ್ಕ. ಬ್ಯಾಗ್ ಹೊತ್ತೋರು ಬಂದಿದ್ರು, ದಾರಿ ಬಿಟ್ಟೆ."

ನಯಾಜ್ ಹಲ್ಲು ಕಡಿದ. "ಅವರು ಪೊಲೀಸರು ಕಣೋ. ಖಾಕಿ ಹಾಕಿರೋನು ಕಣ್ಣಿಗೆ ಬಿದ್ದ ಅಂದ್ರೆ ಹೊಡಿ. ಹಿಂದೆ ಮುಂದೆ ನೋಡಬೇಡ."

"ಹೂಂ, ಖಾಕಿ ಕಂಡ್ರೆ ಹೊಡಿ."

ಇಲ್ಲೊಂದು ಮಾತು ಹೇಳಬೇಕು. ತಿಪ್ಪೇಶನಿಗೆ ಖಾಕಿ ಕಂಡರೆ ಆಗುತ್ತಿರಲಿಲ್ಲ. ಚಿಕ್ಕವನಿದ್ದಾಗ ಊಟ ಮಾಡದಿದ್ದರೆ, ಹಟ ಹಿಡಿದರೆ, "ಪೊಲೀಸ್ ಬಂದ ನೋಡು, ಹಿಡ್ಕೊಂಡು ಹೋಗ್ತಾನೆ" ಎಂದು ಬೋರಮ್ಮ ಹೆದರಿಸುತ್ತಿದ್ದಳು. ನಮ್ಮ ತಾಯಂದಿರೆಲ್ಲ ಹಾಗೇ ತಾನೇ ಮಕ್ಕಳಿಗೆ ತುತ್ತು ತಿನ್ನಿಸುವುದು. ಬೇರೆ ಮಕ್ಕಳು ಬೆಳೆದ ಮೇಲೆ ಅದನ್ನು ಮರೆಯುತ್ತಾರೆ. ತಿಪ್ಪೇಶ ಹೇಳಿದ್ದನ್ನು ಮರೆಯುವವನಲ್ಲ. ಇವತ್ತಿಗೂ ಬೀದಿಯಲ್ಲಿ ಖಾಕಿ ಕಂಡರೆ ಗಬಗಬ ತಿನ್ನಲು ಏನಾದರೂ ಹುಡುಕುತ್ತಿದ್ದ.

ಮೂರನೇ ಆಟ. ಕಣ್ಣು ಅರ್ಧ ಮುಚ್ಚಿಕೊಂಡು, ಬಂದೂಕಿನ ಗುಂಡಿಯ ಮೇಲೆ ಬೆರಳಿಟ್ಟು ಕೂತ. ಈ ಸಲ ನಯಾಜ್ ಒಂದು ಉಪಾಯ ಮಾಡಿದ್ದ. ಆಟದೊಳಗೆ ಕಾವಲಿನವನ ಬಟ್ಟೆ ಕದ್ದು ತೊಟ್ಟು, ಯಾರಿಗೂ ಅನುಮಾನ ಬರದ ಹಾಗೆ ತಿಜೋರಿಯ ಬೀಗದ ಕೈ ತಂದ. ತಿಪ್ಪೇಶನ ಮುಂದೆ ಬಂದು ನಿಂತು, "ನೋಡು, ಸಿಕ್ತು" ಅಂದ.

ಖಾಕಿ. ತಿಪ್ಪೇಶ ಚೀರಿ ಹೊಡೆದ. ನಯಾಜ್ ಬಿದ್ದ. ಬಿದ್ದ ಮೇಲೂ ಖಾಕಿ ಕಾಣುತ್ತಿತ್ತು, ಮತ್ತೆ ಹೊಡೆದ.

ಈ ಸಲ ನಯಾಜ್ ಬೈಯಲಿಲ್ಲ. ಭಟ್ಟಿಯ ಮಾಲೀಕರೂ ಸ್ಟೂಲಿನ ಬೂದಿ ನೋಡಿ ಹೀಗೇ ಬೈಯದೆ ಕೆಲಸದಿಂದ ತೆಗೆದಿದ್ದರು.

"ನನ್ನ ತೆಗೀಬೇಡಿ" ಅಂದ ತಿಪ್ಪೇಶ. "ಹೇಳಿದಂಗೆ ಮಾಡ್ತೀನಿ."

"ಅದೇ ಅಲ್ವೇನೋ ತೊಂದರೆ" ಅಂದ ನಯಾಜ್.

"ಇನ್ನೊಂದು ಸಲ ನೋಡೋಣ ಬಿಡು" ಅಂದಳು ಪಲ್ಲವಿ.

ನಯಾಜ್ ಒಪ್ಪಿದ. "ಸರಿ. ಇದೇ ಕೊನೆ. ನಾಳೆ ಸಂಜೆ ದೊಡ್ಡ ಬ್ಯಾಂಕು. ನೀನು ಬಾಗಿಲು ಮುಟ್ಟಬೇಡ, ಬಂದೂಕೂ ಮುಟ್ಟಬೇಡ. ನಿಂಗೆ ಒಂದೇ ಕೆಲಸ. ನಾವು ಒಳಗೆ ಹೋದ ತಕ್ಷಣ ಪೊಲೀಸರ ಎದುರಿಗೆ ಹೋಗಿ ನಿಂತ್ಕೋ. ಅವರು ನಿನ್ನನ್ನೇ ನೋಡ್ತಿರಬೇಕು, ನಮ್ಮ ಕಡೆ ತಿರುಗಬಾರದು. ಅಷ್ಟು ಮಾಡಿದ್ರೆ ನೀನು ನಮ್ಮೋನು. ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೋತೀವಿ."

"ಹೂಂ" ಅಂದ ತಿಪ್ಪೇಶ.

ಮಾರನೇ ಸಂಜೆ ಬೋರಮ್ಮ ನೀರಿಗೆ ಹೋಗಿದ್ದಳು. ಆಟ ಶುರುವಾಯಿತು. ನಯಾಜ್ ಮತ್ತು ಪಲ್ಲವಿ ಬ್ಯಾಂಕಿನ ಒಳಗೆ ಹೋದರು. ತಿಪ್ಪೇಶ ಪರದೆಯ ಮೇಲೆ ಆ ಮೂಲೆ ನೋಡಿದ, ಈ ಮೂಲೆ ನೋಡಿದ. ಪೊಲೀಸರು ಎಲ್ಲೂ ಇಲ್ಲ. ಬ್ಯಾಂಕಿನ ಅಪಾಯದ ಗಂಟೆ ಹೊಡೆದ ಮೇಲೆ ತಾನೇ ಅವರು ಬರುವುದು, ಗಂಟೆ ಇನ್ನೂ ಹೊಡೆದಿರಲಿಲ್ಲ. ಆದರೆ ನಯಾಜ್ ಹೇಳಿದ್ದು "ಒಳಗೆ ಹೋದ ತಕ್ಷಣ." ಪೊಲೀಸರು ಎಲ್ಲಿರುತ್ತಾರೆ ಅನ್ನುವುದು ತಿಪ್ಪೇಶನಿಗೆ ಗೊತ್ತಿತ್ತು. ಸರ್ಕಲ್ ದಾಟಿದರೆ ಠಾಣೆ.

ಹೆಡ್‌ಫೋನ್ ಕಳಚಿಟ್ಟ. ಚಪ್ಪಲಿ ಮೆಟ್ಟಿದ. ಆ ರಸ್ತೆಯಲ್ಲಿ ಅವನು ಒಮ್ಮೆಯೂ ನಡೆದವನಲ್ಲ, ಸುತ್ತು ಹಾಕಿ ಸಂತೆಗೆ ಹೋಗುತ್ತಿದ್ದವನು. ಠಾಣೆಯ ಮೆಟ್ಟಿಲಲ್ಲಿ ಬೆವರು ಕಣ್ಣಿಗಿಳಿಯಿತು. "ನಮ್ಮೋನು, ನಮ್ಮೋನು" ಎಂದು ಹೇಳಿಕೊಂಡು ಮೆಟ್ಟಿಲು ಹತ್ತಿದ.

ಒಳಗೆ ಹೆಡ್ ಕಾನ್ಸ್‌ಟೇಬಲ್ ರುದ್ರಮುನಿ ಚಹಾ ಕುಡಿಯುತ್ತಿದ್ದರು. ತಿಪ್ಪೇಶ ನೇರ ಹೋಗಿ ಅವರ ಮೇಜಿನ ಮುಂದೆ ನಿಂತ.

"ಏನಯ್ಯಾ?"

"ನಿಂತ್ಕೊಳಕ್ಕೆ ಬಂದೆ ಸಾರ್."

"ಯಾಕೆ?"

"ನೀವು ನನ್ನ ನೋಡ್ತಿರಬೇಕು ಸಾರ್."

"ನೋಡಿದೆ. ಹೋಗು." ರುದ್ರಮುನಿ ಕಿಟಕಿಯ ಕಡೆ ತಿರುಗಿದರು.

"ಆ ಕಡೆ ತಿರುಗಬೇಡಿ ಸಾರ್. ಬ್ಯಾಂಕ್ ದೋಚ್ತಾ ಇದಾರೆ."

ಲೋಟ ಮೇಜಿನ ಮೇಲೆ ಕೂತಿತು. ಯಾರೋ ಬಾಗಿಲು ಹಾಕಿದರು. ಹೊರಗೆ ಜೀಪು ಗುರ್ರೆಂದಿತು. ಯಾವ ಬ್ಯಾಂಕು ಎಂದು ಕೇಳಿದರು, ಗೊತ್ತಿಲ್ಲ ಅಂದ. ಎಷ್ಟು ಜನ ಎಂದರು, ಇಬ್ಬರು ಅಂದ. ಹೆಸರೇನು ಎಂದರು. ತಿಪ್ಪೇಶ ಬಾಯಿ ಮುಚ್ಚಿದ. ಲಾಠಿ ಮೇಜಿಗೆ ಬಡಿಯಿತು. ಚಿಕ್ಕಂದಿನಲ್ಲಿ ತಾಯಿ ಹೇಳಿದ್ದೆಲ್ಲ ಈಗ ಎದುರಿಗೇ ನಿಂತಿತ್ತು, ಮೀಸೆ ಸಮೇತ. ತಿಪ್ಪೇಶ ಬಿಕ್ಕಿ ಬಿಕ್ಕಿ ಅತ್ತ, ಹೆಸರು ಮಾತ್ರ ಹೇಳಲಿಲ್ಲ.

ಆಗ ಬೋರಮ್ಮ ಬಂದಳು. ಸೆರಗು ಒಂದು ಕಡೆ, ಉಸಿರು ಒಂದು ಕಡೆ. ನೀರು ಹೊತ್ತು ಬರುವಾಗಲೇ, ಮಗ ಠಾಣೆಯ ಕಡೆ ಹೋದನೆಂದು ಓಣಿಯವರು ಹೇಳಿದ್ದರು.

"ಸ್ವಾಮಿ, ಹೊಡೀಬ್ಯಾಡಿ. ಅದಕ್ಕೆ ಬುದ್ಧಿ ಇಲ್ಲ. ಕಂಪ್ಯೂಟ್ರಲ್ಲಿ ಅದೇನೋ ಆಟ ಆಡ್ತೈತೆ. ಮನೆಗೆ ಬಂದ್ರೆ ಕುರ್ಚಿ ಖಾಲಿ, ಆ ಕಿವಿಗೆ ಹಾಕ್ಕೊಳ್ಳೋದು ಒಂದೇ ಸಮ ಮಾತಾಡ್ತೈತೆ. ಕಿವಿಗಿಟ್ಟು ಯಾರಪ್ಪಾ ಅಂದೆ. ಯಾರೋ ಹುಡುಗ, 'ನಾವಿಬ್ರೂ ಸತ್ತೋದ್ವಿ ಅಮ್ಮ, ತಿಪ್ಪೇಶಣ್ಣ ಎಲ್ಲಿ' ಅಂದ. ಸತ್ತೋನು ಮಾತಾಡಿದ್ದು ಕೇಳಿ ನನ್ನ ಜೀವ ಹೋಯ್ತು."

ರುದ್ರಮುನಿಯವರು ಜೀಪು ನಿಲ್ಲಿಸಲು ಹೇಳಿ, ತಣ್ಣಗಾದ ಚಹಾ ಕೈಗೆತ್ತಿಕೊಂಡರು. ಅವರ ಹೊಟ್ಟೆ ಕುಲುಕುತ್ತಿತ್ತು.

ತಿಪ್ಪೇಶನಿಗೆ ನಗು ಬರಲಿಲ್ಲ. "ನನ್ನ ತೆಗೆದ್ರಾ ಅಮ್ಮ?" ಅಂದ. ಅದೊಂದನ್ನೇ ಕೇಳಬೇಕಿತ್ತು, ಕೇಳಲು ಭಯ.

"ನೀನು ಠಾಣೆಗೆ ಹೋಗಿದೀಯ ಅಂದೆ. 'ನಮಗೋಸ್ಕರ ನಿಜವಾದ ಪೊಲೀಸ್ ಹತ್ರ ಹೋದ್ನಾ' ಅಂತ ಆ ಹುಡುಗ ಎರಡೆರಡು ಸಲ ಕೇಳ್ದ. ಆ ಹುಡುಗಿ ನಕ್ಕೂ ನಕ್ಕೂ ಅತ್ತೇಬಿಟ್ಳು. ಅಂಥೋನು ಎಲ್ಲಿ ಸಿಗ್ತಾನೆ, ಅವನಿಲ್ದೆ ಮುಂದಿನ ಆಟ ಶುರು ಮಾಡಲ್ಲ ಅಂದ್ರು. ಕಾಯ್ತಾ ಇದಾರೆ, ನಡಿ."

ತಿಪ್ಪೇಶನ ಮುಖ ಅರಳಿತು. ಎದೆಯ ಮೇಲಿದ್ದ ಭಾರ ಇಳಿಯಿತು. ಅವನ ಜೊತೆಯೂ ಜನ ಇದ್ದರು.

"ಹೋಗಪ್ಪಾ, ಮನೆಗೆ ಹೋಗು" ಅಂದರು ರುದ್ರಮುನಿಯವರು.

ತಿಪ್ಪೇಶ ಕಣ್ಣೊರೆಸಿಕೊಂಡ. ಗೋಡೆ ಬದಿಯ ಬೆಂಚನ್ನು ಸರಸರ ಎಳೆದು ತಂದು, ರುದ್ರಮುನಿಯವರ ಮುಖಕ್ಕೆ ಸರಿಯಾಗಿ ಹಾಕಿಕೊಂಡು, ಕಾಲು ಜೋಡಿಸಿ ಕೂತ.

"ನೀನು ಹೋಗಮ್ಮ" ಅಂದ. "ಶುರು ಮಾಡಿ ಅಂತ ಅವರಿಗೆ ಹೇಳು. ಪೊಲೀಸರನ್ನ ನಾನು ಹಿಡ್ಕೊಂಡಿದೀನಿ."