ಕೇಳದವ್ವನ ಗುಡ್ಡ

ಮಸಗಲ್ಲಿನಿಂದ ಬಡಗಣಕ್ಕೆ ಒಂದು ಹರದಾರಿ ನಡೆದರೆ ಬರೀ ಬಂಡೆಗಳನ್ನೇ ಹೊತ್ತ ಗುಡ್ಡವೊಂದು ಸಿಗುತ್ತದೆ. ಹೆಚ್ಚೇನೂ ಎತ್ತರವಿಲ್ಲ, ಬಿಸಿಲೇರುವ ಮುನ್ನ ಹೊರಟರೆ ವಯಸ್ಸಾದವರೂ ಹತ್ತಿಬಿಡಬಹುದು. ನೆತ್ತಿಯಲ್ಲಿ ಗುಡಿಯಿಲ್ಲ, ಗೋಪುರವಿಲ್ಲ. ಕುಳಿತ ಹೆಂಗಸಿನಷ್ಟು ಎತ್ತರದ ಒಂದು ಕರಿಗಲ್ಲು, ಅದಕ್ಕೊಂದು ಹಸಿರು ಸೀರೆ, ಅಷ್ಟೆ. ಇಳಿಜಾರಿನ ತುಂಬ ಮೊಣಕಾಲುದ್ದದ ಹಳೆಯ ಗುಂಡಿಗಳಿವೆ. ಇದೇ ಕೇಳದವ್ವನ ಗುಡ್ಡ. ದಾರಿಯ ಬುಡದಲ್ಲಿ ಯಾರೋ ಪುಣ್ಯಾತ್ಮರು ನಿಲ್ಲಿಸಿರುವ ಫಲಕದಲ್ಲಿ ‘ಭಕ್ತರ ಮೊರೆ ಕೇಳದ ದೇವತೆ’ ಎಂದು ಬರೆದಿದೆ. ಹೊರಗಿನಿಂದ ಬಂದವರು ಅದನ್ನೋದಿ ನಗುತ್ತಾರೆ. ಕೇಳದ ದೇವರಿಗೆ ಕಾಯಿ ಏಕೆ ಒಡೆಯಬೇಕೆಂದು ಚೇಷ್ಟೆ ಮಾಡುತ್ತಾರೆ. ನಮ್ಮ ಮಾತಿನಲ್ಲಿ ಕೇಳುವುದೆಂದರೆ ಕಿವಿಗೊಡುವುದೂ ಹೌದು, ಅಪ್ಪಣೆ ಬೇಡುವುದೂ ಹೌದು. ಫಲಕ ಬರೆಸಿದ ಮಹಾಶಯರು ಮಸಗಲ್ಲಿನ ಒಬ್ಬ ಮುದುಕಿಯನ್ನಾದರೂ ವಿಚಾರಿಸಿದ್ದರೆ ಬಣ್ಣವಾದರೂ ಉಳಿಯುತ್ತಿತ್ತು.

ಹಿಂದೆ ಒಮ್ಮೆ, ಈ ಸೀಮೆ ಕೋಟೆಯ ನಾಯಕನೊಬ್ಬನ ಕೈಯಲ್ಲಿದ್ದ ಕಾಲಕ್ಕೆ, ಮಸಗಲ್ಲಿನಲ್ಲಿ ಹುಲಿಗೆವ್ವ ಎಂಬ ಹೆಣ್ಣುಮಗಳಿದ್ದಳು ಎನ್ನುತ್ತಾರೆ. ಆಕೆಯ ತಾಯಿ ಸಂಕವ್ವ ಹುಣಸೆ ಮರದಿಂದ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ತಮ್ಮ ಭರಮನನ್ನು ಸಾಕಿದವಳೂ ಅಕ್ಕನೇ. ಅವನಿಗಾಗಿ, ತನ್ನನ್ನು ನೋಡಲು ಬಂದ ಗಂಡುಗಳನ್ನೆಲ್ಲ ಹಿಂದಕ್ಕೆ ಕಳಿಸಿ ಮನೆಯಲ್ಲೇ ಉಳಿದವಳು. ಆಗ ಗುಡ್ಡದ ಮೇಲೆ ನೋವುನುಂಗಿ ಎಂಬ ಮೂರೆಲೆಯ ಕಾಡುಗಿಡ ಬೆಳೆಯುತ್ತಿತ್ತು. ಅದರ ಹಸಿಬೇರನ್ನು ಕಲ್ಲಿನ ಮೇಲೆ ತೇದು ಆಡಿನ ಹಾಲಿನಲ್ಲಿ ಕದಡಿ ಕೊಟ್ಟರೆ ಸಂಕವ್ವ ಒಂದಿಷ್ಟು ನಿದ್ದೆ ಮಾಡುತ್ತಿದ್ದಳು. ಬೇರು ಒಣಗಿದರೆ ಗುಣವಿಲ್ಲ; ಆದ್ದರಿಂದ ನಾಲ್ಕು ದಿನಕ್ಕೊಮ್ಮೆ ಹುಲಿಗೆವ್ವ ಗುಡ್ಡ ಹತ್ತಲೇಬೇಕಿತ್ತು. ಕಬ್ಬಿಣ ಮುಟ್ಟಿಸದೆ, ಜಿಂಕೆಯ ಕೊಂಬಿನಿಂದ ಮಣ್ಣು ಸರಿಸಿ, ತಾಯಿಬೇರನ್ನು ಬಿಟ್ಟು ಪಕ್ಕದ ಬೇರನ್ನಷ್ಟೇ ತೆಗೆಯಬೇಕು. ಅದಕ್ಕೂ ಮೊದಲು ಗಿಡವನ್ನು ಕೇಳಬೇಕು. “ಒಂದು ಎಳಿ ಬೇರು ಬೇಕವ್ವಾ, ನಮ್ಮವ್ವಗ. ತಗೊಳ್ಳಲೇನು?” ಎಂದು ಕೇಳಿ ಎದುರಿಗೆ ಕೂತುಬಿಡುವಳು. ಎಲೆ ಅಲುಗಿದರೆ ಹೂಂ ಎಂದಂತೆ. ಅಲುಗದಿದ್ದರೆ ಇನ್ನೊಂದು ಗಿಡ, ಮತ್ತೊಂದು ಗಿಡ. ಒಮ್ಮೊಮ್ಮೆ ಮಧ್ಯಾಹ್ನವಾಗುತ್ತಿತ್ತು. ಜೊತೆಗೆ ಬಂದ ಭರಮನಿಗೆ ತಾಳ್ಮೆಯಿಲ್ಲ. “ಗಿಡದ ಕೂಡ ಏನ್ ಮಾತು ಯಕ್ಕಾ? ಅದಕ್ಕೇನು ಕಿವಿ ಅದಾವೇನು?” ಎಂದು ಮೂಗು ಮುರಿಯುತ್ತಿದ್ದ. “ಅದಕ್ಕಿರದಿದ್ರ ಬ್ಯಾಡೋ ಭರಮಾ, ನಮಗರೆ ಇರಬೇಕಲ್ಲ” ಎಂದು ಅವಳು ನಗುತ್ತಿದ್ದಳು.

ಹೀಗಿರಲು ನಾಯಕನು ಕಾಳಗದಲ್ಲಿ ತೊಡೆಗೆ ಭರ್ಜಿಯ ತಿವಿತ ತಿಂದು ಬಂದ. ಗಾಯ ಮಾಯಿತು, ನೋವು ಮಾಯಲಿಲ್ಲ. ಹುಲಿಗೆವ್ವನಿಗೆ ಕರೆ ಬಂತು. ಆಕೆ ಬೇರು ತೇದು ಕೊಟ್ಟಳು, ನಾಯಕ ಎದ್ದು ಕೂತ. ಗಿಡ ಎಲ್ಲಿದೆ ಎಂದು ಅವನು ಕೇಳಿದಾಗ ಮಾತ್ರ ಆಕೆ, ಬೇಕಾದಾಗ ಹೇಳಿಕಳಿಸಿ, ನಾನೇ ತಂದುಕೊಡುತ್ತೇನೆ ಎಂದು ಕೈಮುಗಿದು ಬಂದಳು. ನಾಯಕನ ಕಡೆಯವರು ಅವಳ ತಮ್ಮನನ್ನು ಹಿಡಿದರು. ಕೋಟೆಯ ಬಾಗಿಲ ಕಾವಲಿನ ಹಿರಿತನ, ತಲೆಗೊಂದು ಕೆಂಪು ರುಮಾಲು. ಭರಮನಿಗೆ ಅಷ್ಟೇ ಸಾಕಾಯಿತು. ಪಕ್ಕದ ಹಳ್ಳಿಗೆ ಹೆರಿಗೆ ಮಾಡಿಸಲೆಂದು ಅಕ್ಕ ಹೋದ ದಿನ ನೋಡಿ, ಹಾರೆ ಗುದ್ದಲಿ ಹಿಡಿದ ನಲವತ್ತು ಆಳುಗಳನ್ನು ಗುಡ್ಡಕ್ಕೆ ಹತ್ತಿಸಿದ.

ಮರುದಿನ ಬಂದ ಹುಲಿಗೆವ್ವ ಗುಂಡಿಗಳನ್ನು ಕಂಡು, ಹಂದಿ ಅಗೆದಿರಬೇಕು ಎಂದುಕೊಂಡಳು. ಹಾರೆಯ ಗುರುತು ಕಂಡದ್ದೇ ಓಡಿಹೋಗಿ ನೆತ್ತಿಯ ಬಂಡೆಯ ಹಿಂದಿನ ಸಂದಿಯಲ್ಲಿ ಇಣುಕಿದಳು. ಎಲ್ಲ ಗಿಡಗಳೂ ಬೇಡವೆಂದ ದಿನ ಹೂಂ ಎನ್ನುತ್ತಿದ್ದ ಗಿಡ ಅಲ್ಲಿತ್ತು. ಅದನ್ನು ಬಲ್ಲವರು ಲೋಕದಲ್ಲಿ ಇಬ್ಬರೇ. ಅಲ್ಲಿಯೂ ಗುಂಡಿ. ಹೊರಗಿನವರು ದೋಚಿದ್ದರೆ ಬೈದುಕೊಂಡು ಅಳಬಹುದಿತ್ತು. ತಾನೇ ಎತ್ತಿ ಆಡಿಸಿದ ಕೂಸು ಕತ್ತು ಕೊಯ್ದಾಗ ಯಾರ ಮುಂದೆ ಅಳುವುದು? ಅವಳು ಬರಿಗೈಯಲ್ಲಿ ಇಳಿದು ಬಂದಳು. ಹಾಸಿಗೆಯ ಮೇಲೆ ಸಂಕವ್ವ ಮೂರು ದಿನ ನರಳಿದಳು. “ಭರಮನ್ನ ಕರಿಯೇ, ನನ್ನ ಮಗ ಬೇರು ತರತಾನ” ಎಂದು ಅದನ್ನೇ ಕೂಗಿದಳು. ಮಗಳು ನಿಜ ಹೇಳಲಿಲ್ಲ. ಹೂನವ್ವಾ, ಬರತಾನ ಎಂದು ಕಾಲು ಒತ್ತುತ್ತಿದ್ದಳು. ನಾಲ್ಕನೆಯ ದಿನ ಬೆಳಗಾಗುವಾಗ ಮಗನ ಹೆಸರು ನಾಲಗೆಯ ಮೇಲಿರುವಂತೆಯೇ ಮುದುಕಿ ಹೋದಳು.

ಅತ್ತ ಕೋಟೆಯಲ್ಲಿ ಗೋಣಿ ಗೋಣಿ ಬೇರು ವಾರದೊಳಗೆ ಒಣಗಿ ಒಲೆಗೆ ಹಾಕುವ ಪುಳ್ಳೆಯಾಯಿತು. ನಾಯಕನ ನೋವು ಮರಳಿ ಬಂತು. ಹಸಿಬೇರು ತರದಿದ್ದರೆ ರುಮಾಲಿನ ಜೊತೆ ತಲೆಯೂ ಉಳಿಯದು ಎಂಬ ಮಾತು ಬಂದಾಗ ಭರಮ ಗುಡ್ಡಕ್ಕೆ ಓಡಿದ. ಅಕ್ಕ ನೆತ್ತಿಯಲ್ಲಿ ಗುಂಡಿಗಳ ನಡುವೆ ಕೂತಿದ್ದಳು. “ಯಕ್ಕಾ, ಎಲ್ಲೆರೆ ಒಂದು ಬೇರು ಉಳದೈತೇನು? ನಿನ್ನ ಕೇಳಾಕ ಬಂದೀನಿ” ಎಂದು ಕಾಲಿಗೆ ಬಿದ್ದ.

“ಅವತ್ತು ಯಾರನ್ನ ಕೇಳಿದ್ಯೋ? ಗಿಡಾ ಕೇಳಲಿಲ್ಲ, ನನ್ನ ಕೇಳಲಿಲ್ಲ. ಹಡದಾಕಿ ಸಾಯೋ ಮಟ ನಿನ್ನ ಹೆಸರು ಕೂಗಿದಳು, ಅದೂ ನಿನಗ ಕೇಳಲಿಲ್ಲ. ಇನ್ನ ನಾನೂ ಕೇಳಂಗಿಲ್ಲ.”

ಹಾಗೆಂದು ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡಳು. ತಾಯಿ ಹೋದ ಸುದ್ದಿ ಭರಮನಿಗೆ ತಿಳಿದದ್ದೇ ಆ ಮಾತಿನಿಂದ. ಯಕ್ಕಾ ಯಕ್ಕಾ ಎಂದು ಹೊತ್ತು ಮುಳುಗುವವರೆಗೆ ಕರೆದ. ಕೊನೆಗೆ ಭುಜ ಹಿಡಿದು ಅಲುಗಿಸಲು ಹೋದರೆ ಕೈಗೆ ಸಿಕ್ಕಿದ್ದು ತಣ್ಣನೆಯ ಕಲ್ಲು ಎನ್ನುತ್ತಾರೆ. ಅವನು ಆಮೇಲೆ ಏನಾದನೆಂದು ಮಸಗಲ್ಲಿನಲ್ಲಿ ಯಾರೂ ಹೇಳುವುದಿಲ್ಲ, ಹೇಳಬೇಕೆಂದು ಯಾರಿಗೂ ಅನ್ನಿಸಿಲ್ಲ.

ಇಂದಿಗೂ ಆ ಕರಿಗಲ್ಲಿನ ಎರಡು ಬದಿಗೆ, ಕಿವಿ ಇರಬೇಕಾದ ಕಡೆ, ಅಂಗೈಯಗಲದ ಉಬ್ಬುಗಳನ್ನು ಕಾಣಬಹುದು. ಸೆರಗು ಹೊದಿಸುವ ಹೆಂಗಸರು ಅವನ್ನು ಮುಚ್ಚುವುದಿಲ್ಲ. ಗುಡ್ಡದಲ್ಲಿ ಹಲ್ಲುಜ್ಜಲು ಒಂದು ಕಡ್ಡಿ ಮುರಿಯುವವರೂ ತಗೊಳ್ಳಲೇನು ಎಂದು ಕೇಳಿಯೇ ಮುರಿಯುತ್ತಾರೆ. ಮಳೆ ಬಿದ್ದ ಮೇಲೆ ಬಂಡೆಯ ಹಿಂದಿನ ಸಂದಿಯಲ್ಲಿ ಮೂರೆಲೆಯ ಸಸಿಯೊಂದು ಏಳುತ್ತದೆ. ಮಂಡಿ ಹಿಡಿದವರು, ಸೊಂಟ ಬಿದ್ದವರು ಕೋಲೂರಿಕೊಂಡು ಹತ್ತಿ ಬಂದು ಅದರ ಮುಂದೆ ಕೂತು, ಒಂದು ಎಳಿ ಬೇರು ಬೇಕವ್ವಾ ಎಂದು ಕೇಳುತ್ತಾರೆ. ಗಾಳಿ ಸುಳಿದು ಎಲೆ ಎಷ್ಟೋ ಸಲ ಅಲುಗುತ್ತದೆ. ಆದರೂ ಯಾರೂ ಕೈಚಾಚಿದ್ದಿಲ್ಲ. ಅದು ಹೂಂ ಎಂದಿತೋ ಬೇಡವೆಂದಿತೋ, ಹೇಳಬಲ್ಲವಳು ಕಿವಿ ಮುಚ್ಚಿ ಕೂತಿದ್ದಾಳೆ ಎಂದು, ಬಂದ ನೋವನ್ನು ಹೊತ್ತುಕೊಂಡೇ ಇಳಿದು ಹೋಗುತ್ತಾರೆ.