ಹೊಂಗೆಯ ನೆರಳಿನ ಒಂದು ಹಗಲು

“ಗುರುಗಳೇ, ಕೋಪವನ್ನು ಅದುಮಿದಷ್ಟೂ ಅದು ಬೆಳೆಯುತ್ತದೆ. ಅದನ್ನು ಗೆಲ್ಲುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದೂರಿನಲ್ಲಿ ಒಬ್ಬ ಎಣ್ಣೆ ವ್ಯಾಪಾರಿ ಇದ್ದ. ಪಕ್ಕದೂರಿನಲ್ಲಿದ್ದ ಅವನ ತಮ್ಮ, ಅಣ್ಣನಿಗೆ ಒಂದು ಮಾತೂ ಹೇಳದೆ ಮಗಳ ಮದುವೆ ನಿಶ್ಚಯ ಮಾಡಿದ. ಸುದ್ದಿ ವ್ಯಾಪಾರಿಗೆ ಸಂತೆಯಲ್ಲಿ ಯಾರದೋ ಬಾಯಿಂದ ತಿಳಿಯಿತು. ತಾನು ಎತ್ತಿ ಆಡಿಸಿದ ಮಗು ಅದು. ಅವನಿಗೆ ಅನ್ನ ಸೇರಲಿಲ್ಲ. ಮರುದಿನ ಬೆಳಗ್ಗೆಯೇ ಗಾಡಿ ಕಟ್ಟಿಸಿದ. ‘ಇಂದಿಗೆ ನಿನ್ನ ನನ್ನ ಸಂಬಂಧ ಮುಗಿಯಿತು’ ಎಂದು ಹೇಳಿ ಬರಬೇಕೆಂದು, ಆ ಮಾತನ್ನೇ ದಾರಿಯುದ್ದಕ್ಕೂ ಮಸೆಯುತ್ತಾ ಕೂತ.

ಬೇಸಿಗೆಯ ದಿನ. ನಡುದಾರಿಯಲ್ಲಿ ಗಾಡಿಯ ಅಚ್ಚು ಮುರಿಯಿತು. ಗಾಡಿಯವನು ಬಡಗಿಯನ್ನು ಕರೆತರಲು ಹೋದ. ವ್ಯಾಪಾರಿ ಹೊಂಗೆಮರದ ಕೆಳಗೆ ಕೂತು ಗಾಡಿಯನ್ನೂ ಬಿಸಿಲನ್ನೂ ತಮ್ಮನನ್ನೂ ಬೈದ. ಬೈಯಲು ಬೇರೆ ಯಾರೂ ಉಳಿಯದಾಗ ನೆಲ ನೋಡಿದ.

ಸಗಣಿಹುಳವೊಂದು ತನಗಿಂತ ದೊಡ್ಡ ಉಂಡೆಯನ್ನು ಹಿಂಗಾಲಿನಲ್ಲಿ ತಳ್ಳಿಕೊಂಡು ಗಾಡಿಜಾಡಿನ ದಡ ಹತ್ತುತ್ತಿತ್ತು. ತುದಿ ಮುಟ್ಟುವಷ್ಟರಲ್ಲಿ ಉಂಡೆ ಜಾರಿತು. ಹುಳವೂ ಉರುಳಿತು. ಎದ್ದು ಮತ್ತೆ ತಳ್ಳಿತು. ಇನ್ನೊಂದು ಹುಳ ಬಂದು ಉಂಡೆಯ ಮೇಲೆ ಸವಾರಿ ಕೂತಿತು. ವ್ಯಾಪಾರಿಗೆ ನಗು ಬಂತು. ಗೊರವಂಕವೊಂದು ಹುಳವನ್ನು ಕಂಡು ಕುಪ್ಪಳಿಸುತ್ತಾ ಬಂದಾಗ ಶಲ್ಯ ಬೀಸಿ ಓಡಿಸಿದ. ಅದು ಹಾರಿದ ಕಡೆ ಕಣ್ಣೆತ್ತಿದರೆ ಹೊಂಗೆಯ ಹೂವಿನ ತುಂಬ ಜೇನ್ನೊಣ. ಕಳ್ಳಿಪೀರ ಹಕ್ಕಿ ಒಂದು ನೊಣವನ್ನು ಗಾಳಿಯಲ್ಲೇ ಹಿಡಿದು ತಂದು, ಕೊಂಬೆಗೆ ಬಡಿದು ಬಡಿದು ನುಂಗಿತು. ಬುತ್ತಿ ಬಿಚ್ಚುವುದನ್ನೇ ಅವನು ಮರೆತ.

ಇಳಿಹೊತ್ತಿಗೆ ಅಚ್ಚು ಸರಿಯಾಯಿತು. “ಹೊರಡೋಣವೇ, ಧಣಿ?” ಎಂದ ಗಾಡಿಯವನು.

“ತಡಿ. ಇನ್ನೇನು ದಡ ಹತ್ತಿತು” ಎಂದ ವ್ಯಾಪಾರಿ, ನೆಲದಿಂದ ಕಣ್ಣು ಕೀಳದೆ.

ತಮ್ಮನ ಮನೆ ಮುಟ್ಟುವಾಗ ದೀಪ ಹಚ್ಚಿದ್ದರು. ತಮ್ಮ ಬಾಗಿಲಲ್ಲೇ ತಲೆ ತಗ್ಗಿಸಿ ನಿಂತ. “ತಪ್ಪಾಯಿತು, ಅಣ್ಣ. ಗಂಡಿನವರು ಅವಸರ ಮಾಡಿದರು. ನಾನು ತಡೆದು ನಿನಗೆ ಹೇಳಿಕಳಿಸಬೇಕಿತ್ತು.”

ವ್ಯಾಪಾರಿ ಮಸೆದ ಮಾತಿಗಾಗಿ ತಡಕಾಡಿದ. ಸಿಗಲಿಲ್ಲ. “ಮೊದಲು ಕುಡಿಯಲು ನೀರು ಕೊಡು. ಮಗಳನ್ನೂ ಕರೆ. ಇವತ್ತು ಒಂದು ಹುಳ ನೋಡಿದೆ, ಹೇಳುತ್ತೇನೆ” ಎಂದ. ಅವನು ಅಂಗೈ ಊರಿ ಹುಳದ ಹಾಗೆ ಹಿಂದುಹಿಂದಕ್ಕೆ ನಡೆದು ತೋರಿಸಿದಾಗ ಮದುಮಗಳು ನಕ್ಕು ನಕ್ಕು ಗೋಡೆಗೆ ಒರಗಿದಳು. ಊಟಕ್ಕೆ ಕೂತಾಗ ಮದುವೆಯ ಚಪ್ಪರದ ಮಾತು ಶುರುವಾಯಿತು.

ಶಿಷ್ಯ ಕೇಳಿದ: “ಅವನ ಕೋಪ ಹೋದದ್ದು ಯಾವ ಗಳಿಗೆಯಲ್ಲಿ, ಗುರುಗಳೇ?”

“ಅವನು ಅದನ್ನು ನೋಡಲಿಲ್ಲ, ಹುಳ ನೋಡುತ್ತಿದ್ದ.”